ಘೇಂಡಾಮೃಗದ ಬಾಂಡ್ ಹುಣಸೂರಿಗೆ ಹೊಂದುತ್ತದೆಯೇ?

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲು ಮೇಷ್ಟ್ರು. ಮೈಸೂರಿನಲ್ಲಿ ಮನೆ, ಹುಣಸೂರು ತಾಲ್ಲೂಕಿನ ಹನಗೋಡು ಕಡೆ ಎರಡೂವರೆ ಎಕರೆ ಜಮೀನು ಇದೆ. ಘೇಂಡಾಮೃಗದ ಹೆಸರಿನಲ್ಲಿ ವಿಶ್ವ ಬ್ಯಾಂಕ್ ಬಾಂಡ್ ತಂದಿದೆ ಎಂದೂ, ಇಂದೋರ್ ಪಾಲಿಕೆ ಜನರಿಂದಲೇ ಹಣ ಎತ್ತಿದೆ ಎಂದೂ ಓದಿದೆ. ಸುತ್ತ ಹುಲಿ, ಆನೆ ಇರುವ, ಆದರೆ ಸ್ಮಾರ್ಟ್ ಸಿಟಿ ಪಟ್ಟಿಯಲ್ಲಿ ಜಾಗ ಸಿಗದ ನಮ್ಮ ಮೈಸೂರು ಎರಡನ್ನೂ ಸೇರಿಸಿ ಒಂದು ‘ಹುಲಿ ಬಾಂಡ್’ ಏಕೆ ತರಬಾರದು? ತಂದರೆ ನನ್ನ ಎರಡು ಲಕ್ಷ ರೂಪಾಯಿ ಹಾಕಬಹುದೇ? ಇನ್ನೊಂದು ಮಾತು. ಹೋದ ಸಲ ಆನೆ ನನ್ನ ಭತ್ತ ತುಳಿದು ಹೋಯಿತು. ಅರ್ಜಿ ಹಾಕಿ ಏಳು ತಿಂಗಳಾದರೂ ಪರಿಹಾರ ಬಂದಿಲ್ಲ. ಇದಕ್ಕೂ ನಿಮ್ಮ ಹಣಕಾಸಿನ ವಿದ್ಯೆಯಲ್ಲಿ ಮದ್ದಿದೆಯೇ?

ಉತ್ತರ: ಮೇಷ್ಟ್ರೇ, ‘ಇನ್ನೊಂದು ಮಾತು’ ಎಂದು ನೀವು ಕೊನೆಯಲ್ಲಿ ಅಂಟಿಸಿದ ಸಾಲೇ ನಿಮ್ಮ ಪತ್ರದ ತಿರುಳು. ಅಲ್ಲಿಗೆ ಬರುತ್ತೇನೆ. ಮೊದಲು ಘೇಂಡಾಮೃಗದ ಲೆಕ್ಕ ಬಿಡಿಸೋಣ, ಏಕೆಂದರೆ ಆ ಬಾಂಡಿನ ಬಗ್ಗೆ ಸುದ್ದಿ ಓದಿದವರಿಗೆಲ್ಲ ಒಂದು ಭ್ರಮೆ ಹುಟ್ಟುತ್ತದೆ. ಷೇರುಪೇಟೆಯ ಯಾರೋ ಮಾಂತ್ರಿಕರು ಕಾಡುಪ್ರಾಣಿಯಿಂದ ಲಾಭ ತೆಗೆಯುವ ಉಪಾಯ ಕಂಡುಹಿಡಿದಿದ್ದಾರೆ ಎಂಬ ಭ್ರಮೆ. ಹಾಗೇನೂ ಇಲ್ಲ.

2022ರ ಮಾರ್ಚ್‌ನಲ್ಲಿ ವಿಶ್ವ ಬ್ಯಾಂಕ್ ಐದು ವರ್ಷದ, 15 ಕೋಟಿ ಡಾಲರ್ ಮೊತ್ತದ ಬಾಂಡ್, ಅಂದರೆ ಸಾಲಪತ್ರ, ಹೊರಡಿಸಿತು. ದಕ್ಷಿಣ ಆಫ್ರಿಕಾದ ಆಡೋ ಆನೆ ರಾಷ್ಟ್ರೀಯ ಉದ್ಯಾನ ಮತ್ತು ಗ್ರೇಟ್ ಫಿಶ್ ನದಿಯ ರಕ್ಷಿತಾರಣ್ಯ, ಈ ಎರಡು ಕಡೆಯ ಕಪ್ಪು ಘೇಂಡಾಮೃಗಗಳ ಸಂತತಿ ಹೆಚ್ಚಿಸುವುದು ಉದ್ದೇಶ. ಸಾಮಾನ್ಯ ಬಾಂಡಿನಲ್ಲಿ ಹೂಡಿಕೆದಾರರಿಗೆ ಕಾಲಕಾಲಕ್ಕೆ ಬಡ್ಡಿ ಬರುತ್ತದೆ. ಇಲ್ಲಿ ಬರುವುದಿಲ್ಲ. ಆ ಬಡ್ಡಿಗೆ ಸಮನಾದ ಸುಮಾರು 1 ಕೋಟಿ ಡಾಲರನ್ನು ಎರಡು ಅರಣ್ಯಗಳ ಖರ್ಚಿಗೆ ಕೊಡಲಾಗುತ್ತದೆ. ಐದು ವರ್ಷದ ಕೊನೆಯಲ್ಲಿ ಅಸಲು ವಾಪಸು. ಘೇಂಡಾಮೃಗಗಳ ಸಂಖ್ಯೆ ಬೆಳೆದಿದ್ದರೆ ಅಸಲಿನ ಮೇಲೆ ಒಂದು ಬಹುಮಾನವೂ ಉಂಟು. ಬೆಳವಣಿಗೆ ಸೊನ್ನೆ ಅಥವಾ ಅದಕ್ಕಿಂತ ಕೆಳಗಾದರೆ ಬಹುಮಾನವಿಲ್ಲ. ಚೆನ್ನಾಗಿ ಬೆಳೆದರೆ ಒಟ್ಟು ಸುಮಾರು 1.38 ಕೋಟಿ ಡಾಲರ್ ತನಕ.

ಇದನ್ನೇ ನೂರು ರೂಪಾಯಿಯ ಲೆಕ್ಕಕ್ಕೆ ಇಳಿಸಿ ನೋಡಿ. ಮುಖಬೆಲೆ ನೂರಿನ ಈ ಬಾಂಡನ್ನು 94 ರೂಪಾಯಿ 84 ಪೈಸೆಗೆ ಮಾರಿದರು. ಘೇಂಡಾಮೃಗ ಒಂದೂ ಹೆಚ್ಚದಿದ್ದರೆ ಐದು ವರ್ಷಕ್ಕೆ ನಿಮಗೆ ನೂರು ರೂಪಾಯಿ ಬರುತ್ತದೆ, ಅಂದರೆ ವರ್ಷಕ್ಕೆ ಶೇ 1ಕ್ಕಿಂತ ಕೊಂಚ ಮೇಲೆ. ಪೂರ್ತಿ ಬಹುಮಾನ ಸಿಕ್ಕರೆ 109 ರೂಪಾಯಿಯ ಆಸುಪಾಸು, ವರ್ಷಕ್ಕೆ ಶೇ 3ರ ಹತ್ತಿರ. ನಮ್ಮ ಅಂಚೆ ಕಚೇರಿಯ ಠೇವಣಿ ನೋಡಿದವರಿಗೆ ಇದು ನಗೆಪಾಟಲು. ಡಾಲರಿನ ಲೋಕದಲ್ಲಿ ಆಗ ಅದು ತೀರ ಕಳಪೆಯೇನೂ ಆಗಿರಲಿಲ್ಲ.

ಈಗ ಕೇಳಬೇಕಾದ ಪ್ರಶ್ನೆ: ಆ ಬಹುಮಾನದ ಹಣ ಕೊಡುವವರು ಯಾರು? ಘೇಂಡಾಮೃಗ ಕೊಡುವುದಿಲ್ಲ, ಪ್ರವಾಸಿಗರ ಟಿಕೆಟ್ಟೂ ಅಲ್ಲ. ಜಿಇಎಫ್ ಎಂದು ಕರೆಯುವ ಜಾಗತಿಕ ಪರಿಸರ ನಿಧಿ ಅದನ್ನು ಅನುದಾನವಾಗಿ ಕೊಡುತ್ತದೆ. ಅದು ದೇಶಗಳು ವಂತಿಗೆ ಹಾಕಿ ಕಟ್ಟಿದ ಹುಂಡಿ. ಬಾಂಡ್ ಇಲ್ಲದಿದ್ದರೂ ಆ ಹಣವನ್ನು ನೇರವಾಗಿ ಅರಣ್ಯಕ್ಕೆ ಕೊಡಬಹುದಿತ್ತು. ಹಾಗಾದರೆ ಇಷ್ಟೆಲ್ಲ ಸುತ್ತಾಟ ಏಕೆ? ಅರಣ್ಯದವರಿಗೆ ಖರ್ಚಿನ ಹಣ ಮೊದಲೇ ಸಿಕ್ಕಿತು. ದಾನಿಗಳು ಫಲ ಕಂಡ ಮೇಲೆ ಕೊಟ್ಟರೆ ಸಾಕಾಯಿತು. ಫಲ ಬಾರದಿದ್ದರೆ ನಷ್ಟ ಹೂಡಿಕೆದಾರರದ್ದು. ಬಾಂಡ್ ಹಣವನ್ನು ಹುಟ್ಟಿಸುವುದಿಲ್ಲ. ಮುಂದೆ ಬರುವ ಹಣವನ್ನು ಇಂದಿಗೆ ಎಳೆದು ತರುತ್ತದೆ, ನಷ್ಟದ ಭಾರವನ್ನು ಒಬ್ಬರ ಹೆಗಲಿಂದ ಇನ್ನೊಬ್ಬರ ಹೆಗಲಿಗೆ ದಾಟಿಸುತ್ತದೆ. ನನ್ನ ಕಸುಬೆಲ್ಲ ಇಷ್ಟೇ.

ಅಂದ ಹಾಗೆ, ಇದೇ ಜಿಇಎಫ್ ಮೈಸೂರಿಗೆ ಹೊಸಬರಲ್ಲ. 2012ರಲ್ಲಿ ನಗರ ಸಾರಿಗೆ ಬಸ್ಸುಗಳಿಗೆ ಜಿಪಿಎಸ್ ಕಟ್ಟಿ, ಮುಂದಿನ ಬಸ್ ಎಷ್ಟು ನಿಮಿಷಕ್ಕೆ ಎಂದು ನಿಲ್ದಾಣದ ಫಲಕದಲ್ಲಿ ತೋರಿಸಿದ್ದು, 2017ರಲ್ಲಿ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ಲುಗಳು ಬಂದದ್ದು, ಎರಡಕ್ಕೂ ಆ ಹುಂಡಿಯ ನೆರವಿತ್ತು. ಅಂದರೆ ಆಡೋದ ಘೇಂಡಾಮೃಗಕ್ಕೂ ನಮ್ಮ ಸೈಕಲ್ಲಿಗೂ ಒಂದೇ ಜೇಬು. ವ್ಯತ್ಯಾಸವೆಂದರೆ ಸೈಕಲ್ಲಿಗೆ ಹಣ ಬಂದದ್ದು ನೇರ ಅನುದಾನವಾಗಿ. ಅನುದಾನದಿಂದ ಸಾಮಾನು ಬರುತ್ತದೆ. ಚೈನಿಗೆ ಎಣ್ಣೆ ಬಿಡುವ ಖರ್ಚು ವರ್ಷ ವರ್ಷವೂ ಊರಿನ ತಲೆಯ ಮೇಲೆಯೇ. ನಗರವನ್ನು ಜಾಣ ಮಾಡುವ ಯಾವ ಯೋಜನೆಯಾದರೂ ಉದ್ಘಾಟನೆಯ ದಿನಕ್ಕಿಂತ ಅದರ ಆರನೆಯ ವರ್ಷವನ್ನು ನೋಡಬೇಕು ಎನ್ನುವುದು ನನ್ನ ಹಳೆಯ ಹಟ. ಸ್ಮಾರ್ಟ್ ಸಿಟಿ ಪಟ್ಟಿಯಲ್ಲಿ ಕರ್ನಾಟಕದ ಏಳು ನಗರಗಳಿದ್ದು ಮೈಸೂರು ಇಲ್ಲದ್ದಕ್ಕೆ ನನಗೆ ನಿಮ್ಮಷ್ಟು ಬೇಸರವಿಲ್ಲ.

ಇಂದೋರಿಗೆ ಬರೋಣ. ಅದು ನಿಜವಾಗಿಯೂ ನೋಡಿ ಕಲಿಯಬೇಕಾದ ಪಾಠ. ಅಲ್ಲಿ ನರ್ಮದೆಯ ನೀರನ್ನು ದೂರದ ಜಲೂದ್‌ನಿಂದ ಏರಿಗೆ ಎತ್ತಿ ನಗರಕ್ಕೆ ತರುತ್ತಾರೆ. ಪಂಪಿನ ವಿದ್ಯುತ್ ಬಿಲ್ಲೇ ಪಾಲಿಕೆಯ ಬೆನ್ನು ಮುರಿಯುತ್ತಿತ್ತು. 2023ರ ಫೆಬ್ರವರಿಯಲ್ಲಿ ಪಾಲಿಕೆ ಶೇ 8.25ರ ಬಡ್ಡಿಗೆ 244 ಕೋಟಿ ರೂಪಾಯಿಯ ಹಸಿರು ಬಾಂಡ್ ತಂದಿತು. ಜನಸಾಮಾನ್ಯರೂ ಕೊಳ್ಳಬಹುದಾದ ಬಾಂಡ್ ಅದು. ಆ ಹಣದಿಂದ ಜಲೂದ್‌ನಲ್ಲೇ 60 ಮೆಗಾವಾಟ್ ಸೌರ ಸ್ಥಾವರ. ಬಿಲ್ಲಿನಲ್ಲಿ ಉಳಿಯುವ ಹಣ ಸಾಲ ತೀರಿಸಲು. ಮೊದಲು ಕೇಳಿದ್ದ 122 ಕೋಟಿಯ ಐದು ಪಟ್ಟಿಗೂ ಹೆಚ್ಚು ಬೇಡಿಕೆ ಬಂತು. ಅದಕ್ಕೂ ಮೊದಲು, 2021ರಲ್ಲಿ ಗಾಜಿಯಾಬಾದ್ ಪಾಲಿಕೆ ಒಳಚರಂಡಿ ನೀರನ್ನು ಮೂರನೆಯ ಹಂತದವರೆಗೆ ಶುದ್ಧಗೊಳಿಸಿ ಕಾರ್ಖಾನೆಗಳಿಗೆ ಮಾರಲು 150 ಕೋಟಿ ಎತ್ತಿತ್ತು. ಎರಡರಲ್ಲೂ ಇಂದಿಗೆ ಎಳೆದು ತರಲು ಮುಂದೆ ಒಂದು ಹಣ ಇತ್ತು. ಒಂದು ಕಡೆ ಉಳಿತಾಯ, ಇನ್ನೊಂದು ಕಡೆ ಗಿರಾಕಿ.

ಇದು ಉತ್ತರ ಭಾರತದವರ ಹೊಸ ಬುದ್ಧಿವಂತಿಕೆ ಎಂದುಕೊಳ್ಳಬೇಡಿ. ಮಂಡ್ಯ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲಿ ವಿದ್ಯುತ್ ಹೊರಟದ್ದು ಮೊದಲು ಮೈಸೂರಿಗೂ ಅಲ್ಲ, ಬೆಂಗಳೂರಿಗೂ ಅಲ್ಲ, ಕೋಲಾರದ ಚಿನ್ನದ ಗಣಿಗೆ. ಬೆಂಗಳೂರು 1905ರ ತನಕ ಕಾಯಿತು. ಏಕೆಂದರೆ ಗಣಿ ಕಂಪನಿಗಳು ಕರಾರಿಗೆ ಸಹಿ ಹಾಕಿ ಕೊಳ್ಳುವ ಗಿರಾಕಿಗಳಾಗಿದ್ದವು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಸಂಸ್ಥಾನ ಹಣ ಸುರಿಯುವ ಮೊದಲು ಕೊಳ್ಳುವವರನ್ನು ಗೊತ್ತು ಮಾಡಿಕೊಂಡಿತ್ತು.

ಹಾಗೆ ನೋಡಿದರೆ ಮೈಸೂರಿಗೂ ಬಾಂಡ್ ಯೋಗ್ಯವಾದ ಕೆಲಸಗಳಿವೆ. ಹೊಂಗಳ್ಳಿ, ಬೆಳಗೊಳ, ಮೇಳಾಪುರಗಳಿಂದ ಕಾವೇರಿಯನ್ನೂ ಬಿದರಗೂಡಿನಿಂದ ಕಪಿಲೆಯನ್ನೂ ನಾವು ಎತ್ತಿಯೇ ಕುಡಿಯುತ್ತೇವೆ. ಪಂಪಿನ ಬಿಲ್ಲು ಇಂದೋರಿಗೆ ಮಾತ್ರ ಬರುವುದಿಲ್ಲ. ನಗರದ ಇಳಿಜಾರು ಒಂದು ಕಡೆ ಕಾವೇರಿಗೆ, ಇನ್ನೊಂದು ಕಡೆ ಕಪಿಲೆಗೆ. ನಾವು ಬಿಟ್ಟದ್ದು ಅಲ್ಲಿಗೇ ಹೋಗುತ್ತದೆ. ಶುದ್ಧಗೊಳಿಸಿದ ನೀರನ್ನು ಕೊಳ್ಳಬಲ್ಲ ಕೈಗಾರಿಕೆಗಳು ಕಡಕೊಳ, ನಂಜನಗೂಡಿನಲ್ಲಿವೆ. ನಗರವೂ ಕಾಡುಜೀವಿಯೂ ಒಂದೇ ಬಾಂಡಿನಲ್ಲಿ ಪ್ರಾಮಾಣಿಕವಾಗಿ ಕೂಡುವ ಜಾಗ ಇದೊಂದೇ ಎಂದು ನನಗನಿಸುತ್ತದೆ. ಹೊಳೆಗೆ ಹೊಲಸು ಬೀಳುವುದು ನಿಂತರೆ ನೀರುನಾಯಿಗೂ ಮೊಸಳೆಗೂ ಮೀನಿಗೂ ಬೇರೆ ಬಾಂಡ್ ಬೇಕಾಗಿಲ್ಲ.

ಪಾಲಿಕೆಯೊಂದೇ ಹೊರಡಬೇಕೆಂದೂ ಇಲ್ಲ. 2005ರಲ್ಲಿ ಬೆಂಗಳೂರಿನ ಸುತ್ತಲಿನ ಎಂಟು ಪಟ್ಟಣಗಳ ಕುಡಿಯುವ ನೀರಿಗಾಗಿ ಕರ್ನಾಟಕ ಒಟ್ಟಾಗಿ 100 ಕೋಟಿ ರೂಪಾಯಿಯ ಬಾಂಡ್ ಎತ್ತಿತ್ತು. ಒಂಟಿಯಾಗಿ ಹೋದರೆ ಯಾರೂ ಸಾಲ ಕೊಡದ ಪುಟ್ಟ ಪಟ್ಟಣಗಳು ಕೈ ಕೈ ಹಿಡಿದು ಹೋದವು. ಮಂಡ್ಯ, ಶ್ರೀರಂಗಪಟ್ಟಣ, ನಂಜನಗೂಡು, ಹುಣಸೂರುಗಳ ಒಳಚರಂಡಿಗೆ ಆ ದಾರಿ ಹೊಂದುತ್ತದೆ. 2025ರ ಕೇಂದ್ರ ಬಜೆಟ್ಟಿನಲ್ಲಿ ಘೋಷಿಸಿದ ಒಂದು ಲಕ್ಷ ಕೋಟಿಯ ನಗರ ಸವಾಲು ನಿಧಿಯೂ ಇದೇ ದಿಕ್ಕಿನಲ್ಲಿದೆ. ಯೋಜನೆಯ ಶೇ 25ರ ತನಕ ಕೇಂದ್ರ ಕೊಡುತ್ತದೆ, ಕನಿಷ್ಠ ಅರ್ಧ ಬಾಂಡ್, ಬ್ಯಾಂಕ್ ಸಾಲ, ಖಾಸಗಿ ಸಹಭಾಗಿತ್ವಗಳಿಂದ ಬರಬೇಕು. ಅಂದರೆ ಸಾಲ ತರುವ ತಾಕತ್ತಿಲ್ಲದ ಊರಿಗೆ ಅನುದಾನವೂ ಇಲ್ಲ.

ಇನ್ನು ಹುಲಿ. ಇಲ್ಲಿ ನಾನು ನಿಮ್ಮೊಂದಿಗೆ ಜಗಳಕ್ಕೆ ನಿಲ್ಲುತ್ತೇನೆ. ಎಣಿಸುವುದು ಕಷ್ಟ ಎಂಬ ಕಾರಣಕ್ಕಲ್ಲ. ಪಟ್ಟೆ ನೋಡಿ ಒಂದೊಂದು ಹುಲಿಯನ್ನೂ ಗುರುತಿಸುವ ಕ್ಯಾಮೆರಾ ವಿದ್ಯೆಯನ್ನು ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಪಳಗಿಸಿದ್ದೇ ನಿಮ್ಮ ಹನಗೋಡಿನ ಬೆನ್ನಿಗಿರುವ ನಾಗರಹೊಳೆಯಲ್ಲಿ. ಕಷ್ಟ ಇರುವುದು ಬೇರೆ ಕಡೆ. 2022ರ ಅಂದಾಜಿನಂತೆ ನಾಗರಹೊಳೆಯಲ್ಲಿ 141, ಬಂಡೀಪುರದಲ್ಲಿ 150 ಹುಲಿಗಳಿವೆ. ಮನೆ ತುಂಬಿದೆ. ಆಡೋದಲ್ಲಿ ಘೇಂಡಾಮೃಗ ಹೆಚ್ಚಿದರೆ ಅದು ಜಯ. ಇಲ್ಲಿ ‘ವರ್ಷಕ್ಕೆ ಶೇ 4 ಹುಲಿ ಹೆಚ್ಚಿಸಿದರೆ ಬಹುಮಾನ’ ಎಂದು ಬಾಂಡ್ ಬರೆದರೆ, ಹೆಚ್ಚಾದ ಎಳೆಯ ಗಂಡುಹುಲಿ ಎಲ್ಲಿಗೆ ಹೋಗಬೇಕು? ನಿಮ್ಮ ಪಕ್ಕದ ಹೊಗೆಸೊಪ್ಪಿನ ಹೊಲಕ್ಕೆ, ಜೋಳಕ್ಕೆ, ಹಟ್ಟಿಗೆ. ಬಹುಮಾನ ಲಂಡನ್ನಿನ ಹೂಡಿಕೆದಾರರಿಗೆ, ಹಸು ಹೋದದ್ದು ಹನಗೋಡಿನವರದ್ದು. ನಗರದವರೂ ಹೊರಗಿನವರಲ್ಲ. 2024ರ ಡಿಸೆಂಬರ್ 31ರಂದು ಮೈಸೂರಿನ ಹೆಬ್ಬಾಳದ ಐಟಿ ಕ್ಯಾಂಪಸ್ಸಿಗೆ ಚಿರತೆ ನುಗ್ಗಿ, ಸಾವಿರಾರು ಮಂದಿ ಅಂದು ಮನೆಯಿಂದಲೇ ಕೆಲಸ ಮಾಡಿದ್ದು ನೆನಪಿರಬಹುದು.

ಸಫಾರಿ ಟಿಕೆಟ್ಟಿನ ಹಣವನ್ನು ಒತ್ತೆ ಇಟ್ಟು ಸಾಲ ತರೋಣ ಎನ್ನುವವರೂ ಇದ್ದಾರೆ. ಹುಲಿ ಮೀಸಲು ಪ್ರದೇಶಗಳ ಪ್ರತಿಷ್ಠಾನಗಳಿಗೆ ಆ ಆದಾಯ ಸ್ಥಳೀಯವಾಗಿ ಉಳಿಯುವ ವ್ಯವಸ್ಥೆ ಇದೆ, ನಿಜ. ಆದರೆ 2025ರ ನವೆಂಬರಿನಲ್ಲಿ ಸರಗೂರು ಭಾಗದಲ್ಲಿ ಹುಲಿ ದಾಳಿಗೆ ರೈತರು ಬಲಿಯಾದಾಗ ಬಂಡೀಪುರ, ನಾಗರಹೊಳೆ ಎರಡರ ಸಫಾರಿಯನ್ನೂ ನಿಲ್ಲಿಸಲಾಯಿತು. ಅರಣ್ಯಕ್ಕೆ ಹಣ ಹೆಚ್ಚು ಬೇಕಾಗುವ ತಿಂಗಳಿನಲ್ಲೇ ಬತ್ತುವ ಆದಾಯವನ್ನು ಒತ್ತೆ ಇಡಬಾರದು.

ಫಲ ನೋಡಿ ಹಣ ಕೊಡುವ ಉಪಾಯವೇ ತಪ್ಪೆಂದು ನಾನು ಹೇಳುತ್ತಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಹೋಗಿಬನ್ನಿ, ಫೆಬ್ರವರಿಯ ಹೊತ್ತಿಗೆ. ಮನೆಯ ಹಿತ್ತಲಿನ ಹುಣಸೆಮರದ ಮೇಲೆ ಹೆಜ್ಜಾರ್ಲೆಗಳು (ಪೆಲಿಕನ್), ಬಣ್ಣದ ಕೊಕ್ಕರೆಗಳು. ಎಲೆಗಳಿಗೆಲ್ಲ ಸುಣ್ಣ ಬಳಿದಂತೆ ಹಿಕ್ಕೆ. ಅಂಗಳದಲ್ಲಿ ಒಣಹಾಕಿದ್ದರ ಮೇಲೆ ಅರ್ಧ ಮೀನು ದೊಪ್ಪನೆ ಬೀಳುತ್ತದೆ. ನಾನು ಹೋದ ದಿನ ಅಜ್ಜಿಯೊಬ್ಬರು ಅದನ್ನು ಪೊರಕೆಯ ತುದಿಯಿಂದ ಬೆಕ್ಕಿನ ಕಡೆ ತಳ್ಳಿ, ಹಿಕ್ಕೆಯನ್ನೆಲ್ಲ ಗುಡಿಸಿ ತಿಪ್ಪೆಗುಂಡಿಗೆ ಹಾಕಿ, ‘ಇದು ಗೊಬ್ಬರ, ಹುಣಸೆಹಣ್ಣು ಈ ವರ್ಷವೂ ಇಲ್ಲ’ ಎಂದರು. ಎರಡೇ ಮಾತಿನಲ್ಲಿ ಜಮಾ ಖರ್ಚು. ಹಕ್ಕಿ ಗೂಡು ಕಟ್ಟಿದ ಮರದ ಫಸಲನ್ನು ಮುಟ್ಟದಿದ್ದರೆ ಅದರ ಮಾಲೀಕರಿಗೆ ಅರಣ್ಯ ಇಲಾಖೆ ಮರದ ಲೆಕ್ಕದಲ್ಲಿ ಪರಿಹಾರ ಕೊಡುತ್ತ ಬಂದಿದೆ. ಮೊತ್ತ ಸಣ್ಣದು. ಘೇಂಡಾಮೃಗದ ಬಾಂಡಿನ ಕರಾರಿನಲ್ಲಿ ಇರಬಹುದಾದದ್ದೆಲ್ಲ ಇಲ್ಲೂ ಇದೆ: ಎಣಿಸಬಹುದಾದ ಫಲ, ಅದನ್ನು ನೋಡಬಲ್ಲ ಕಣ್ಣು, ಕೊಡುವವರು, ಪಡೆಯುವವರು. ಊರಿನವರೇ ಕಟ್ಟಿಕೊಂಡ ಹೆಜ್ಜಾರ್ಲೆ ಬಳಗ ಗೂಡಿನಿಂದ ಬಿದ್ದ ಮರಿಗಳನ್ನು ಸಾಕುತ್ತ ಬಂದಿದೆ. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು.

ಇದಕ್ಕೂ ಮಿತಿ ಇದೆ. 2017ರ ಕೊನೆಯಿಂದ ಕೆಲವು ತಿಂಗಳು ಅಲ್ಲಿ ಹೆಜ್ಜಾರ್ಲೆಗಳು ಸಾಲು ಸಾಲಾಗಿ ಸತ್ತವು. ಮೀನಿನ ಮೂಲಕ ಹೊಟ್ಟೆ ಸೇರಿದ ಜಂತುಹುಳುವಿನ ಬಾಧೆ. ಹಕ್ಕಿ ಮೀನು ಹಿಡಿಯುವ ಕೆರೆಗಳು ಊರಿನ ಹುಣಸೆಮರದ ಕೆಳಗಿಲ್ಲ. ಮರದ ಮಾಲೀಕರು ಒಂದು ಕಾಯಿಯನ್ನೂ ಕೀಳದಿದ್ದರೂ ಹಕ್ಕಿ ಸಾಯಬಹುದು. ಹಕ್ಕಿಯ ಸಂಖ್ಯೆಗೆ ಹಣ ಎಂದು ಕರಾರು ಮಾಡಿದ್ದರೆ ಆ ವರ್ಷ ಅಜ್ಜಿಗೆ ದಂಡ ಬೀಳುತ್ತಿತ್ತು. ಮರಕ್ಕೆ ಹಣ ಎಂದಿದ್ದರಿಂದ ಉಳಿದರು. ಯಾರ ಕೈಯಲ್ಲಿ ಏನಿದೆಯೋ ಅದಕ್ಕೆ ಮಾತ್ರ ಅವರನ್ನು ಹೊಣೆ ಮಾಡಬೇಕು. ಬಾಂಡ್ ಬರೆಯುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ.

ಈಗ ನಿಮ್ಮ ಭತ್ತ. ಕಾಡಂಚಿನಲ್ಲಿ ನಿಜವಾಗಿ ಕಾಪಾಡಬೇಕಾದ ಬಂಡವಾಳ ಹುಲಿಯಲ್ಲ, ನಿಮ್ಮ ಸಹನೆ. ಅದು ಮುಗಿದ ದಿನ ಬೇಲಿಗೆ ಕರೆಂಟು ಬರುತ್ತದೆ, ಸತ್ತ ಹಸುವಿಗೆ ವಿಷ ಬೀಳುತ್ತದೆ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ತಾಯಿ ಹುಲಿ ಮತ್ತು ನಾಲ್ಕು ಮರಿಗಳು ವಿಷ ಹಾಕಿದ ಹಸುವಿನ ಮಾಂಸ ತಿಂದು ಒಟ್ಟಿಗೆ ಸತ್ತದ್ದನ್ನು ನೀವು ಓದಿದ್ದೀರಿ. ಆನೆ ತುಳಿದ ಬೆಳೆಗೆ ಸರ್ಕಾರದ ಪರಿಹಾರ ಇದೆ. ಹಣವೇ ಇಲ್ಲದ ಸಮಸ್ಯೆಯಲ್ಲ ಇದು. ಹಣ ತಡವಾಗಿ ಬರುವ ಸಮಸ್ಯೆ. ಮುಂದೆ ಬರುವ ಹಣವನ್ನು ಇಂದಿಗೆ ಎಳೆದು ತರುವುದೇ ಹಣಕಾಸಿನ ಕೆಲಸ ಎಂದು ಮೇಲೆ ಹೇಳಿದೆನಲ್ಲ, ಆದ್ದರಿಂದ ಇದಕ್ಕೆ ಮದ್ದು ಇದೆ.

ಒಂದು ಮುಂಗಡ ನಿಧಿ ಕಟ್ಟಬೇಕು. ಹೊಲ ನೋಡಿ, ಫೋಟೊ ತೆಗೆದು, ಅರ್ಜಿ ಸರಿಯಿದೆ ಎಂದು ಖಚಿತವಾದ ಹದಿನೈದು ದಿನದೊಳಗೆ ನಿಧಿ ರೈತರಿಗೆ ಹಣ ಕೊಡುತ್ತದೆ. ಸರ್ಕಾರದ ಪರಿಹಾರ ಬಂದಾಗ ಅದು ನಿಧಿಗೆ ಹೋಗುತ್ತದೆ. ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಸಾವಿರ ಅರ್ಜಿ, ತಲಾ ಹತ್ತು ಸಾವಿರ, ಒಟ್ಟು ಒಂದು ಕೋಟಿ. ಪರಿಹಾರ ಆರು ತಿಂಗಳಿಗೆ ಬಂದರೆ ಅದೇ ಕೋಟಿ ವರ್ಷಕ್ಕೆ ಎರಡು ಸಲ ತಿರುಗಿ ಎರಡು ಸಾವಿರ ರೈತರನ್ನು ಮುಟ್ಟುತ್ತದೆ. ಶೇ 8ರ ಬಡ್ಡಿಗೆ ಎಂಟು ಲಕ್ಷ. ನೂರಕ್ಕೆ ಐದು ಅರ್ಜಿ ತಿರಸ್ಕೃತವಾದರೆ ಎರಡು ಸುತ್ತಿಗೆ ಹತ್ತು ಲಕ್ಷ ನಷ್ಟ. ಒಟ್ಟು ಹದಿನೆಂಟು ಲಕ್ಷ. ಇಷ್ಟನ್ನು ತುಂಬಿಕೊಡುವವರು ಬೇಕು, ಅವರೇ ನಮ್ಮ ಜಿಇಎಫ್. ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇ 2ನ್ನು ಸಾಮಾಜಿಕ ಹೊಣೆಗೆ ಖರ್ಚು ಮಾಡಬೇಕು, ಪರಿಸರ ಅದರ ಪಟ್ಟಿಯಲ್ಲಿದೆ. ಮೈಸೂರಿನಲ್ಲಿ ಕ್ಯಾಂಪಸ್ ಇರುವವರಿಗೆ ಹದಿನೆಂಟು ಲಕ್ಷ ದೊಡ್ಡ ಮಾತಲ್ಲ. ಅವರ ಅಂಗಳಕ್ಕೂ ಚಿರತೆ ಬಂದಾಗಿದೆ.

ಫಲದ ಅಳತೆಯೂ ಇಲ್ಲಿ ಸಲೀಸು. ಹುಲಿ ಎಣಿಸಬೇಕಾಗಿಲ್ಲ, ದಿನ ಎಣಿಸಿದರೆ ಸಾಕು. ಅರ್ಜಿ ಕೊಟ್ಟ ದಿನ, ಹಣ ಬಂದ ದಿನ, ನಡುವಿನ ಅಂತರ. ಆ ಅಂತರ ಇಳಿದರೆ ನಿಧಿ ನಡೆಸುವ ಸಂಸ್ಥೆಗೆ ಬಹುಮಾನ, ಇಳಿಯದಿದ್ದರೆ ಇಲ್ಲ. ಅರ್ಜಿ ತುಂಬಿಸುವ ಕೆಲಸಕ್ಕೆ ಮಾದರಿ ಆಗಲೇ ಇದೆ. ವನ್ಯಜೀವಿ ಅಧ್ಯಯನ ಕೇಂದ್ರದ ‘ವೈಲ್ಡ್ ಸೇವೆ’ 2015ರಿಂದ ಬಂಡೀಪುರ, ನಾಗರಹೊಳೆಗಳ ಅಂಚಿನ ಹಳ್ಳಿಗಳಲ್ಲಿ, ಫೋನ್ ಮಾಡಿದರೆ ಹೊಲಕ್ಕೇ ಬಂದು ಕಾಗದಪತ್ರ ಸಿದ್ಧಮಾಡಿ ಕೊಡುತ್ತದೆ. ಅದರ ಮುಂದಿನ ಮೆಟ್ಟಿಲು ಈ ಮುಂಗಡ.

ನಿಮ್ಮ ಎರಡು ಲಕ್ಷದ ಬಗ್ಗೆ. ಪಾಲಿಕೆ ಬಾಂಡ್ ಬಂದರೆ, ಎಷ್ಟು ಬಡ್ಡಿ ಎಂದು ಕೇಳುವ ಮೊದಲು ಯಾವ ಆದಾಯದಿಂದ ತೀರಿಸುತ್ತಾರೆ, ಆ ಆದಾಯ ಬೇರೆ ಖರ್ಚಿಗೆ ಹೋಗದಂತೆ ನೇರವಾಗಿ ಪ್ರತ್ಯೇಕ ಖಾತೆಗೆ ಬೀಳುತ್ತದೆಯೇ ಎಂದು ನೋಡಿ. ಬ್ಯಾಂಕ್ ಠೇವಣಿಗೆ ಐದು ಲಕ್ಷದ ತನಕ ವಿಮೆ ಇದೆ, ಬಾಂಡಿಗೆ ಇಲ್ಲ. ನಿವೃತ್ತಿಯ ಹಣದಲ್ಲಿ ಐವತ್ತು ಸಾವಿರ ಹಾಕಿ, ಎರಡು ಲಕ್ಷ ಬೇಡ. ಸಮಾಜಸೇವಾ ಸಂಸ್ಥೆಗಳು ಹಣ ಎತ್ತುವ ಪೇಟೆ, ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜ್ ಎಂಬುದೊಂದು ಬಂದಿದೆ. ಅಲ್ಲಿ ಸಿಗುವ ಬಾಂಡಿಗೆ ಬಡ್ಡಿಯೂ ಇಲ್ಲ, ಅಸಲೂ ವಾಪಸಿಲ್ಲ. 2023ರ ಡಿಸೆಂಬರಿನಲ್ಲಿ ಮೊದಲು ಪಟ್ಟಿಯಾದದ್ದು ಬೆಂಗಳೂರಿನ ಒಂದು ಪ್ರತಿಷ್ಠಾನ. ಹೆಸರು ಬಾಂಡ್, ಸ್ವಭಾವ ದಾನ. ದಾನವೇ ಮಾಡುವುದಾದರೆ ನಮ್ಮ ಮೃಗಾಲಯದಲ್ಲಿ ಒಂದು ಪ್ರಾಣಿಯನ್ನು ವರ್ಷದ ಮಟ್ಟಿಗೆ ದತ್ತು ಪಡೆಯಿರಿ. ಮೊಮ್ಮಕ್ಕಳಿಗೆ ಕರೆದುಕೊಂಡು ಹೋಗಿ ತೋರಿಸಬಹುದು.

ನಿಮ್ಮ ಅರ್ಜಿಯ ಸ್ವೀಕೃತಿ ಚೀಟಿ ಇದೆಯಲ್ಲ, ಅದರ ಮೇಲಿನ ದಿನಾಂಕವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅಕ್ಕಪಕ್ಕದ ಹತ್ತು ಜಮೀನಿನವರದ್ದನ್ನೂ ಕೇಳಿ ಅದರ ಕೆಳಗೆ ಬರೆಯಿರಿ, ಹಣ ಬಂದ ದಿನಕ್ಕೆ ಪಕ್ಕದಲ್ಲಿ ಜಾಗ ಬಿಡಿ. ಅಂತಹ ಪಟ್ಟಿ ಐವತ್ತು ಹೆಸರು ದಾಟಿದಾಗ ನನಗೊಂದು ಪ್ರತಿ ಕಳಿಸಿ. ಅದನ್ನು ಹಿಡಿದುಕೊಂಡು ನಾನು ಹೆಬ್ಬಾಳದ ಬಾಗಿಲುಗಳನ್ನು ತಟ್ಟಬಲ್ಲೆ.